ಸ್ಕೆಚ್‌ಅಪ್ + ಎನ್‌ಸ್ಕೇಪ್ ಕೆಲಸಕ್ಕೆ ಡೆಸ್ಕ್‌ಟಾಪ್: ಈ ಕೊಟೇಶನ್ ಒಪ್ಪಬಹುದಾ?

ಸಾಗರದ ಆರ್ಕಿಟೆಕ್ಟ್

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಆಫೀಸು ಬಿಟ್ಟು ಊರಿಗೆ ಬಂದು ಸ್ವಂತ ಪ್ರಾಕ್ಟೀಸ್ ಶುರು ಮಾಡಿದ್ದೇನೆ. ಬರುವ ಕೆಲಸ ಹೆಚ್ಚುಕಡಿಮೆ ಒಂದೇ ಬಗೆಯದು: ಜಂಬಿಟ್ಟಿಗೆ ಗೋಡೆ, ಮಂಗಳೂರು ಹೆಂಚಿನ ಮಾಡು, ಸುತ್ತ ಅಡಿಕೆ ತೋಟ. ಪ್ಲಾನ್ ಬಿಡಿಸಿ ಮುಂದಿಟ್ಟರೆ ಮನೆಯವರು "ಅಂಗಳದಲ್ಲಿ ನಿಂತು ನೋಡಿದ್ರೆ ಹೆಂಗೆ ಕಾಣ್ತು?" ಅಂತಲೇ ಕೇಳುವುದು. ಹಾಗಾಗಿ ರೆಂಡರ್ (ಕಟ್ಟಿದ ಮೇಲೆ ಕಾಣುವಂಥ ಚಿತ್ರ) ಇಲ್ಲದೆ ಮಾತು ಮುಂದೆ ಹೋಗುವುದಿಲ್ಲ.

ಈಗ ಇರುವುದು ಲ್ಯಾಪ್‌ಟಾಪ್. ಐ5 (4 ಕೋರ್, 8 ಥ್ರೆಡ್), 16 ಜಿಬಿ ರ್‍ಯಾಮ್, ಜಿಟಿಎಕ್ಸ್ 1650 4 ಜಿಬಿ ಕಾರ್ಡು. ಆಟೋಕ್ಯಾಡ್ ಸಲೀಸಾಗಿ ನಡೆಯುತ್ತದೆ. 3ಡಿ ಮಾಡೆಲ್ ಕಟ್ಟುವ ಸ್ಕೆಚ್‌ಅಪ್‌ನಲ್ಲಿ ಮಾಡು ಕೂರಿಸುವ ತನಕ ತೊಂದರೆಯಿಲ್ಲ, ಆಮೇಲೆ ಮಾಡೆಲ್ ತಿರುಗಿಸಿದರೆ ತಡೆತಡೆದು ತಿರುಗುತ್ತದೆ. ತೋಟ ಸೇರಿಸಿ, ಆ ಮಾಡೆಲ್‌ನಿಂದ ರೆಂಡರ್ ತೆಗೆಯುವ ಎನ್‌ಸ್ಕೇಪ್ ತೆರೆದರೆ ವಿಡಿಯೋ ಮೆಮರಿ ಸಾಲದು ಎಂಬ ಸಂದೇಶ ಬರುತ್ತದೆ, ಕೆಲವೊಮ್ಮೆ ಮುಚ್ಚಿಯೇ ಹೋಗುತ್ತದೆ. ಮುಂದೆ ಅಂಥದ್ದೇ ಇನ್ನೊಂದು, ಡಿ5 ರೆಂಡರ್, ಕಲಿಯುವ ಆಸೆಯಿದೆ. ಸ್ಟ್ರಕ್ಚರಲ್‌ನವರು ರೆವಿಟ್ ಫೈಲ್ ಕಳಿಸುತ್ತಾರೆ, ಅದನ್ನು ತೆರೆಯುವಂತಾದರೆ ಸಾಕು.

ಶಿವಮೊಗ್ಗದ ಅಂಗಡಿಯೊಂದರಲ್ಲಿ ಕೊಟ್ಟ ಕೊಟೇಶನ್: ಐ9-14900ಕೆ, 32 ಜಿಬಿ ರ್‍ಯಾಮ್ (8 ಜಿಬಿಯ ನಾಲ್ಕು ಸ್ಟಿಕ್), ಆರ್‌ಟಿಎಕ್ಸ್ 4060 8 ಜಿಬಿ, 512 ಜಿಬಿ ಎಸ್‌ಎಸ್‌ಡಿ, 550 ವ್ಯಾಟ್ ಪವರ್ ಸಪ್ಲೈ (ಕಂಪನಿ ಹೆಸರು ಬರೆದಿಲ್ಲ). ನನ್ನ ಕೈಯಲ್ಲಿರುವುದು ಮಾನಿಟರ್ ಬಿಟ್ಟು ಸುಮಾರು ಎರಡು ಲಕ್ಷ. ಹಳೆಯ ಆಫೀಸಿನ ಸೀನಿಯರ್ ಒಬ್ಬರು "ಆರ್ಕಿಟೆಕ್ಚರ್ ಕೆಲಸಕ್ಕೆ ಪ್ರೊಫೆಷನಲ್ ಕಾರ್ಡೇ ಬೇಕು" ಅನ್ನುತ್ತಾರೆ. ಇನ್ನು ಕೆಲವರು ಒಳ್ಳೆಯ ಲ್ಯಾಪ್‌ಟಾಪನ್ನೇ ತಗೋ, ಸೈಟಿಗೂ ಆಗುತ್ತೆ ಅನ್ನುತ್ತಾರೆ. ಇದೇ ಕೆಲಸ ಮಾಡುವವರು ದಯವಿಟ್ಟು ಹೇಳಿ.

ಮೈಸೂರು ವಿಷುವಲೈಸರ್

ಮೇಡಂ, ಈ ಕೊಟೇಶನ್ ಬೇಡ. ದುಡ್ಡೆಲ್ಲ ಪ್ರೊಸೆಸರ್‌ಗೆ ಹೋಗಿದೆ. ನೀವು ಒದ್ದಾಡುತ್ತಿರುವುದು ಗ್ರಾಫಿಕ್ಸ್ ಕಾರ್ಡಿನ ಮೆಮರಿಗೆ, ಅಲ್ಲಿ ಬರೇ 8 ಜಿಬಿ ಕೊಟ್ಟಿದ್ದಾರೆ.

ನನ್ನ ಮಾತು ನಂಬುವ ಮೊದಲು ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ನೋಡಿ. ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್‌ಗೆ ಹೋಗಿ, ಸಿಪಿಯು ಗ್ರಾಫ್ ಮೇಲೆ ರೈಟ್ ಕ್ಲಿಕ್ ಮಾಡಿ ಲಾಜಿಕಲ್ ಪ್ರೊಸೆಸರ್ಸ್ ಆರಿಸಿ. ಎಂಟು ಚೌಕ ಕಾಣುತ್ತವೆ, ಒಂದೊಂದು ಥ್ರೆಡ್‌ಗೆ (ಪ್ರೊಸೆಸರ್ ನಡೆಸುವ ಒಂದು ಕೆಲಸದ ಸಾಲು) ಒಂದರಂತೆ. ಈಗ ಸ್ಕೆಚ್‌ಅಪ್‌ನಲ್ಲಿ ಆ ಮಾಡಿನ ಮಾಡೆಲ್ ತಿರುಗಿಸಿ. ಒಂದು ಥ್ರೆಡ್‌ನಷ್ಟು ಕೆಲಸ ಮಾತ್ರ ನಡೆಯುತ್ತಿರುತ್ತದೆ, ಮಿಕ್ಕದ್ದು ಖಾಲಿ. ಒಟ್ಟು ಬಳಕೆ 12–13% ಎಂದು ತೋರಿಸುತ್ತದೆ, ಏಕೆಂದರೆ ಎಂಟರಲ್ಲಿ ಒಂದು ಪಾಲು ಅಷ್ಟೇ. 13% ನೋಡಿ ಪ್ರೊಸೆಸರ್ ಆರಾಮಾಗಿದೆ ಅಂದುಕೊಳ್ಳುವವರು ಬಹಳ ಜನ. ಅದರ ಕೈಲಾಗುವುದೇ ಅಷ್ಟು. ಸ್ಕೆಚ್‌ಅಪ್, ಆಟೋಕ್ಯಾಡ್, ರೆವಿಟ್ ಮೂರರಲ್ಲೂ ಮಾಡೆಲಿಂಗ್‌ನ ಬಹುಪಾಲು ಹೀಗೇ ನಡೆಯುತ್ತದೆ. ಐ9-14900ಕೆಯಲ್ಲಿ 24 ಕೋರ್, 32 ಥ್ರೆಡ್ ಇವೆ. ಒಬ್ಬ ಗಾರೆಯವನು ಕಟ್ಟುವ ಮೂಲೆಗೆ ಇಪ್ಪತ್ತು ಜನ ಬಂದು ನಿಂತ ಹಾಗೆ. ವಿ-ರೇಯಂಥದ್ದರಲ್ಲಿ ಸಿಪಿಯು ಮೇಲೆ ರೆಂಡರ್ ಹಾಕುವವರಿಗೆ ಅಷ್ಟೂ ಕೋರ್ ದುಡಿಯುತ್ತವೆ, ಅವರು ತಗೊಳ್ಳಲಿ. ಎನ್‌ಸ್ಕೇಪ್, ಡಿ5, ಲುಮಿಯನ್, ಟ್ವಿನ್‌ಮೋಷನ್ ಎಲ್ಲವೂ ಗ್ರಾಫಿಕ್ಸ್ ಕಾರ್ಡಿನ ಮೇಲೆ ನಡೆಯುವಂಥವು.

ನಿಮಗೆ ರೈಜನ್ 7 9700ಎಕ್ಸ್ ಸಾಕು. 8 ಕೋರ್, 5.5 ಗಿಗಾಹರ್ಟ್ಸ್ ತನಕ ಏರುತ್ತದೆ. ಒಂದೇ ಥ್ರೆಡ್‌ನ ಕೆಲಸದಲ್ಲಿ ಐ9ಕ್ಕೂ ಇದಕ್ಕೂ ನಿಮಗೆ ವ್ಯತ್ಯಾಸ ಗೊತ್ತಾಗುವುದು ಕಷ್ಟ. ಆದರೆ ಇದರ ಟಿಡಿಪಿ (ಕಂಪನಿ ಹೇಳುವ ಮಾಮೂಲಿ ವಿದ್ಯುತ್ ಮಟ್ಟ) 65 ವ್ಯಾಟ್, 14900ಕೆ ಪೂರ್ತಿ ಲೋಡಿನಲ್ಲಿ 253 ವ್ಯಾಟ್ ತನಕ ಎಳೆಯುತ್ತದೆ, ದೊಡ್ಡ ಕೂಲರ್ ಬೇರೆ ಬೇಕು. ಜೊತೆಗೆ ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ದೊಡ್ಡ ಪ್ರೊಸೆಸರ್‌ಗಳಲ್ಲಿ ವೋಲ್ಟೇಜ್ ಹೆಚ್ಚಾಗಿ ಚಿಪ್ ಹಾಳಾಗುವ ತೊಂದರೆ 2024ರಲ್ಲಿ ಬಯಲಾಯಿತು. ಕಂಪನಿ ಮೈಕ್ರೋಕೋಡ್ (ಚಿಪ್ಪಿನೊಳಗಿನ ಸೂಚನೆಗಳು) ಅಪ್‌ಡೇಟ್ ಕೊಟ್ಟು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಈಗಾಗಲೇ ಅದನ್ನು ಬಳಸುತ್ತಿರುವವರು ಬಯಾಸ್ ಅಪ್‌ಡೇಟ್ ಮಾಡಿಕೊಳ್ಳಲಿ, ಆದರೆ ಹಾಳಾಗಿರುವ ಚಿಪ್ ಅದರಿಂದ ಸರಿಯಾಗುವುದಿಲ್ಲ. ಹೊಸದಾಗಿ ಕೊಳ್ಳುವವರು ಅದರ ತಂಟೆಗೆ ಹೋಗಬೇಕಿಲ್ಲ.

ಇನ್ನು ಕಾರ್ಡು. ಎನ್‌ಸ್ಕೇಪ್ ತೆರೆದು, ಅದೇ ಟಾಸ್ಕ್ ಮ್ಯಾನೇಜರ್‌ನಲ್ಲಿ ಜಿಪಿಯು ಕೆಳಗೆ ಡೆಡಿಕೇಟೆಡ್ ಮೆಮರಿ ನೋಡಿ. 4 ಜಿಬಿಯ ಅಂಚು ಮುಟ್ಟಿದ ಮೇಲೆ ಶೇರ್ಡ್ ಮೆಮರಿ ಏರಲು ಶುರುವಾಗುತ್ತದೆ. ಅಲ್ಲಿಂದಾಚೆ ಕಾರ್ಡು ಮಾಮೂಲಿ ರ್‍ಯಾಮ್‌ನಿಂದ ಎರವಲು ತರುತ್ತಿರುತ್ತದೆ. ತಡವರಿಸುವುದು ಅದಕ್ಕೇ.

ಮೆಮರಿ ಎಲ್ಲಿ ಹೋಗುತ್ತದೆ ಅಂದರೆ: 4096×4096 ಅಳತೆಯ ಟೆಕ್ಸ್‌ಚರ್ (ಮೇಲ್ಮೈಗೆ ಅಂಟಿಸುವ ಚಿತ್ರ) ಡಿಸ್ಕಿನಲ್ಲಿ ನಾಲ್ಕೈದು ಎಂಬಿಯ ಜೆಪೆಗ್ ಆಗಿರಬಹುದು. ಕಾರ್ಡಿಗೆ ಹೋಗುವಾಗ ಜೆಪೆಗ್ ಬಿಚ್ಚಿಕೊಳ್ಳುತ್ತದೆ. ಪಿಕ್ಸೆಲ್‌ಗೆ 4 ಬೈಟ್‌ನಂತೆ 64 ಎಂಬಿ. 8192ರ ಟೆಕ್ಸ್‌ಚರ್ ಆದರೆ 256 ಎಂಬಿ. ಬಣ್ಣ, ನಾರ್ಮಲ್ (ಉಬ್ಬುತಗ್ಗು), ರಫ್‌ನೆಸ್ (ಒರಟುತನ) ಅಂತ ಒಂದೊಂದು ಮೆಟೀರಿಯಲ್‌ಗೆ ಮೂರು ಟೆಕ್ಸ್‌ಚರ್. ರೆಂಡರರ್ ತನ್ನ ರೀತಿಯಲ್ಲಿ ಕಂಪ್ರೆಸ್ ಮಾಡಿಕೊಂಡರೂ, ಹತ್ತಾರು ಮೆಟೀರಿಯಲ್ ಸೇರಿದಾಗ 4 ಜಿಬಿ ತುಂಬಲು ಹೊತ್ತು ಬೇಕಿಲ್ಲ. ಅದರ ಮೇಲೆ ಮರಗಳ ಜಾಮಿಟ್ರಿ, ಅದರ ಮೇಲೆ ರೇ ಟ್ರೇಸಿಂಗ್‌ಗೆ (ಬೆಳಕು ಹರಿಯುವ ದಾರಿ ಹಿಡಿಯುವುದಕ್ಕೆ) ಬೇಕಾದ ಲೆಕ್ಕಾಚಾರ.

ಹಾಗಾಗಿ ಆರ್‌ಟಿಎಕ್ಸ್ 5060 ಟಿಐ 16 ಜಿಬಿ ತಗೊಳ್ಳಿ. 5070 ಇದಕ್ಕಿಂತ ವೇಗದ್ದು, ಆದರೆ 12 ಜಿಬಿ. ನಿಧಾನವಾದ ಕಾರ್ಡಿನಲ್ಲಿ ರೆಂಡರ್ ಎರಡು ನಿಮಿಷ ತಡವಾದೀತು. ಮೆಮರಿ ಸಾಲದ ಕಾರ್ಡಿನಲ್ಲಿ ದೃಶ್ಯವೇ ತೆರೆಯುವುದಿಲ್ಲ. ತೋಟದ ಕೆಲಸ ಮಾಡುವ ನಿಮಗೆ ನಾನು 16 ಜಿಬಿಯನ್ನೇ ಹೇಳುವುದು. ಒಂದು ಎಚ್ಚರಿಕೆ: 5060 ಟಿಐ ಇದೇ ಹೆಸರಿನಲ್ಲಿ 8 ಜಿಬಿಯದೂ ಇದೆ. ಬಿಲ್ಲಿನಲ್ಲಿ 16 ಜಿಬಿ ಅಂತ ಬರೆಸಿಕೊಳ್ಳಿ, ಡಬ್ಬದ ಮೇಲೂ ಓದಿ.

ಸೀನಿಯರ್ ಹೇಳಿದ ಪ್ರೊಫೆಷನಲ್ ಕಾರ್ಡಿನಲ್ಲಿ ಸಾಫ್ಟ್‌ವೇರ್ ಕಂಪನಿಗಳು ಪ್ರಮಾಣೀಕರಿಸಿದ ಡ್ರೈವರ್ ಸಿಗುತ್ತದೆ. ದೊಡ್ಡ ಮಾದರಿಗಳಲ್ಲಿ ತಪ್ಪು ತಿದ್ದಿಕೊಳ್ಳುವ ಮೆಮರಿ, ಬೇಕೆಂದರೆ 96 ಜಿಬಿ ತನಕವೂ ಸಿಗುತ್ತದೆ. ವಿಮಾನದ ಭಾಗ ವಿನ್ಯಾಸ ಮಾಡುವವರಿಗೆ ಅದು ಬೇಕು. ಎನ್‌ಸ್ಕೇಪ್, ಡಿ5ಗೆ ಬೇಕಿಲ್ಲ. ಎನ್‌ವಿಡಿಯಾದ ಸ್ಟುಡಿಯೋ ಡ್ರೈವರ್ ಉಚಿತ, ಗೇಮ್ ರೆಡಿ ಬದಲು ಅದನ್ನು ಹಾಕಿಕೊಳ್ಳಿ.

ರ್‍ಯಾಮ್ ನಾಲ್ಕು ಸ್ಟಿಕ್ ಬೇಡ. ಡಿಡಿಆರ್5ನಲ್ಲಿ ನಾಲ್ಕೂ ಸ್ಲಾಟ್ ತುಂಬಿದರೆ ವೇಗ ಇಳಿಯುತ್ತದೆ. 16ರ ಎರಡು ಸ್ಟಿಕ್ ಹಾಕಿ. ರ್‍ಯಾಮ್ ಬೆಲೆ 2025ರ ಕೊನೆಯಿಂದ ಹುಚ್ಚಾಪಟ್ಟೆ ಏರಿದೆ. ಬಜೆಟ್‌ನಲ್ಲಿ ಹಿಡಿಸಿದರೆ ಮಾತ್ರ 32ರ ಎರಡು. ಎಸ್‌ಎಸ್‌ಡಿ 1 ಟಿಬಿಗಿಂತ ಕಡಿಮೆ ಬೇಡ, ಡಿ5ನ ಅಸೆಟ್‌ಗಳೇ (ಸಿದ್ಧ ಮರ, ಪೀಠೋಪಕರಣದಂಥ ಮಾಡೆಲ್‌ಗಳು) ಜಾಗ ತಿನ್ನುತ್ತವೆ.

ಕೊನೆಯದಾಗಿ ನಿಮ್ಮ ಮಾಡು. ಚದರ ಮೀಟರ್‌ಗೆ ಸುಮಾರು 15 ಮಂಗಳೂರು ಹೆಂಚು. 200 ಚದರ ಮೀಟರ್ ಮಾಡಿಗೆ 3,000. ಒಂದೊಂದು ಹೆಂಚಿಗೆ 400 ಫೇಸ್ (ಮಾಡೆಲ್‌ನ ಚಪ್ಪಟೆ ತುಣುಕು) ಇದ್ದರೂ 12 ಲಕ್ಷ ಫೇಸ್ ಆಯಿತು. ಇದನ್ನು ಯಾವ ಪ್ರೊಸೆಸರ್ ಕೊಟ್ಟರೂ ಸ್ಕೆಚ್‌ಅಪ್ ಸಲೀಸಾಗಿ ತಿರುಗಿಸುವುದಿಲ್ಲ. ಒಂದೇ ಹೆಂಚನ್ನು ಕಾಂಪೊನೆಂಟ್ ಮಾಡಿ ಅದರ ನಕಲುಗಳನ್ನು ಹಾಸಿ. ಹಾಸಿದ ಇಡೀ ಮಾಡನ್ನು ಬೇರೆ ಫೈಲಿನಲ್ಲಿಟ್ಟು ಎನ್‌ಸ್ಕೇಪ್‌ನ ಲಿಂಕ್ಡ್ ಮಾಡೆಲ್ ಆಗಿ ತನ್ನಿ. ಸ್ಕೆಚ್‌ಅಪ್‌ನಲ್ಲಿ ಬರೀ ಡಬ್ಬ ಕಾಣುತ್ತದೆ, ರೆಂಡರ್‌ನಲ್ಲಿ ಹೆಂಚೇ ಬರುತ್ತದೆ.

ಬೆಳಗಾವಿ, ಬಿ.ಆರ್ಕ್ ನಾಲ್ಕನೇ ವರ್ಷ

ಸರ್, ಲ್ಯಾಪ್‌ಟಾಪ್ ಪ್ರಶ್ನೆ ಬಿಟ್ಟಿರಿ. ನಮ್ಮ ಕ್ಲಾಸಿನಲ್ಲಿ ಇಬ್ಬರ ಹತ್ತಿರ ಆರ್‌ಟಿಎಕ್ಸ್ 4060 ಲ್ಯಾಪ್‌ಟಾಪ್ ಇದೆ, ಒಂದು ತೆಳ್ಳಗಿನದು, ಒಂದು ದಪ್ಪದ್ದು. ಅದೇ ಫೈಲ್ ರೆಂಡರ್ ಮಾಡಿದರೆ ತೆಳ್ಳಗಿನದು ಯಾಕೆ ಅಷ್ಟು ಹಿಂದೆ ಬೀಳುತ್ತದೆ?

ಮೈಸೂರು ವಿಷುವಲೈಸರ್

ಹೆಸರು ಒಂದೇ, ಕರೆಂಟು ಬೇರೆ. ಲ್ಯಾಪ್‌ಟಾಪ್‌ನ 4060ಕ್ಕೆ ತಯಾರಕರು 35 ವ್ಯಾಟ್‌ನಿಂದ 115 ವ್ಯಾಟ್ ತನಕ ಎಷ್ಟು ಬೇಕಾದರೂ ಕೊಡಬಹುದು. ಕೊಳ್ಳುವ ಮೊದಲು ಆ ಮಾದರಿಯ ವಿವರಗಳಲ್ಲಿ ಟಿಜಿಪಿ (ಗ್ರಾಫಿಕ್ಸ್‌ಗೆ ಕೊಡುವ ವ್ಯಾಟ್) ಎಷ್ಟು ಅಂತ ಹುಡುಕಿ, ಬರೆದಿಲ್ಲದಿದ್ದರೆ ಬಿಡಿ. ಲ್ಯಾಪ್‌ಟಾಪ್‌ನ 4070 ಕೂಡ 8 ಜಿಬಿಯದೇ, ಡೆಸ್ಕ್‌ಟಾಪ್‌ನ 4070ರಲ್ಲಿ 12 ಜಿಬಿ. ಹಾಸ್ಟೆಲ್‌ನಲ್ಲಿರುವ ನಿಮಗೆ ಲ್ಯಾಪ್‌ಟಾಪೇ ಗತಿ, ದಪ್ಪದ್ದನ್ನು ತಗೊಳ್ಳಿ, ಚಾರ್ಜರ್ ಹಾಕಿಯೇ ರೆಂಡರ್ ಮಾಡಿ.

ಸಾಗರದ ಮೇಡಂಗೆ ಹೊಸ ಲ್ಯಾಪ್‌ಟಾಪ್ ಬೇಡ. ಎನ್‌ಸ್ಕೇಪ್‌ನಿಂದ ಪನೋರಮಾ ತೆಗೆದು ಅಪ್‌ಲೋಡ್ ಮಾಡಿದರೆ ಕ್ಯೂಆರ್ ಕೋಡ್ ಬರುತ್ತದೆ. ಮನೆಯವರು ತಮ್ಮ ಫೋನಿನಲ್ಲೇ ಅಂಗಳದಲ್ಲಿ ನಿಂತು ಸುತ್ತ ತಿರುಗಿ ನೋಡಬಹುದು.

ಹುಬ್ಬಳ್ಳಿ ಅಸೆಂಬ್ಲಿ

ಮ್ಯಾಲಿನವ್ರು ಹೇಳಿದ್ದು ಖರೇ ಐತ್ರಿ. ನಾ ಅಸೆಂಬ್ಲಿ ಮಾಡಾಂವ, ಕರೆಂಟಿನ ಮಾತು ಹೇಳ್ತೀನಿ. ಹೆಸರಿಲ್ಲದ ಪವರ್ ಸಪ್ಲೈ ಯಾರ ಕೊಟ್ರೂ ತಗೋಬ್ಯಾಡ್ರಿ. ಅದು ಸುಡೂ ಮುಂದ ತಾ ಒಂದ ಹೋಗಂಗಿಲ್ಲ, ಬೋರ್ಡು ಕಾರ್ಡು ಕರಕೊಂಡ ಹೋಗ್ತೈತಿ. 80 ಪ್ಲಸ್ ಗೋಲ್ಡ್, 650 ವ್ಯಾಟ್, ಒಳ್ಳೆ ಕಂಪನೀದು ಹಾಕಸ್ರಿ.

ಯುಪಿಎಸ್ ಲೆಕ್ಕ ಕೇಳ್ರಿ. 5060 ಟಿಐ 180 ವ್ಯಾಟ್, 9700ಎಕ್ಸ್ ಪೂರ್ತಿ ದುಡಿದ್ರ 88, ಬೋರ್ಡು-ಫ್ಯಾನು ಎಲ್ಲಾ ಸೇರಿ 50, ಮಾನಿಟರ್ 30. ಒಟ್ಟ 350ರ ಹತ್ರ ಹೋತು. ಅಂಗಡ್ಯಾಗ ಮಾರೂ 600 ವಿಎ ಯುಪಿಎಸ್ ಕೊಡೂದು ಬರೇ 360 ವ್ಯಾಟ್, ಅಂಚಿಗೇ ಬಂತು. ರೆಂಡರ್ ನಡದಾಗ ಕರೆಂಟ್ ಹೋತಂದ್ರ ಅದು ಕೀಂವ್ ಅಂದು ಬಂದ್ ಆಗ್ತೈತಿ. 1 ಕೆವಿಎ, ಪ್ಯೂರ್ ಸೈನ್ ವೇವ್ (ಲೈನಿನ ಕರೆಂಟಿನಂಗ ನಯವಾದ ಅಲೆ) ತಗೋರಿ. ಮನೀ ಇನ್ವರ್ಟರ್ ಮ್ಯಾಲೆ ನಡಸೂದಿದ್ರ ಅದೂ ಸೈನ್ ವೇವ್ ಇರಬೇಕು, ಯುಪಿಎಸ್ ಮೋಡ್‌ನ್ಯಾಗ ಇಡ್ರಿ.

ಮಲೆನಾಡಿನ್ಯಾಗ ಸಿಡಿಲು ಭಾಳ. ಎಲೆಕ್ಟ್ರಿಶಿಯನ್ ಕರಸಿ ನ್ಯೂಟ್ರಲ್-ಅರ್ತ್ ನಡುವ ವೋಲ್ಟೇಜ್ ನೋಡಸ್ರಿ, 3 ವೋಲ್ಟ್ ಒಳಗ ಇರ್ಲಿ. ಗುಡುಗಿದ್ರ ಪ್ಲಗ್ ಒಂದ ಕಿತ್ರ ಸಾಲಂಗಿಲ್ಲ, ರೌಟರ್‌ನಿಂದ ಬರೂ ಲ್ಯಾನ್ ಕೇಬಲ್ಲೂ ಕೀಳ್ರಿ. ಆ ದಾರೀಲೇನೂ ಬೋರ್ಡು ಹೋಗ್ತಾವು.

ದಾವಣಗೆರೆ ಅಕೌಂಟೆಂಟ್

ಕೊಳ್ಳುವ ಮೊದಲು ಒಂದು ಮಾತು. ನಿಮಗೆ ಜಿಎಸ್‌ಟಿ ನೋಂದಣಿ ಇದ್ದರೆ ಬಿಲ್ಲಿನಲ್ಲಿ ನಿಮ್ಮ ನಂಬರ್ ಹಾಕಿಸಿ, 18% ಕ್ರೆಡಿಟ್ ಸಿಗುತ್ತದೆ. ಆದಾಯ ತೆರಿಗೆಯಲ್ಲಿ ಕಂಪ್ಯೂಟರ್‌ಗೆ 40% ಸವಕಳಿ ಇದೆ, ಆ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರರ್ಧ. ಆದರೆ ಒಟ್ಟು ವರಮಾನದ 50% ಲಾಭ ಎಂದು ತೋರಿಸುವ ಪದ್ಧತಿಯಲ್ಲಿ ರಿಟರ್ನ್ ಹಾಕುತ್ತಿದ್ದರೆ ಸವಕಳಿ ಬೇರೆಯಾಗಿ ಸಿಗುವುದಿಲ್ಲ. ನಿಮ್ಮ ಆಡಿಟರ್ ಹತ್ತಿರ ಕೇಳಿ.

ಸಾಗರದ ಆರ್ಕಿಟೆಕ್ಟ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಟಾಸ್ಕ್ ಮ್ಯಾನೇಜರ್ ನೋಡಿದೆ. ಸ್ಕೆಚ್‌ಅಪ್ 13% ದಾಟಲೇ ಇಲ್ಲ. ಎನ್‌ಸ್ಕೇಪ್‌ನಲ್ಲಿ ತೋಟದ ಟ್ಯಾಗ್ ಆಫ್ ಮಾಡಿದರೆ ಮೆಮರಿ ಮೂರು ಜಿಬಿ ಒಳಗೆ ಬಂತು, ಆನ್ ಮಾಡಿದ ಕೂಡಲೇ ಅಂಚಿಗೆ. ಹುಡುಕಿದಾಗ ಸಿಕ್ಕಿದ್ದು: ಡೌನ್‌ಲೋಡ್ ಮಾಡಿದ ಅಡಿಕೆ ಮರಗಳಲ್ಲಿ ಒಂದೊಂದರ ಸೋಗೆಗೂ ಬೇರೆ ಬೇರೆ 4ಕೆ ಟೆಕ್ಸ್‌ಚರ್. ಮೂರು ಮರ ಮಾತ್ರ ಇಟ್ಟುಕೊಂಡು, ಅವನ್ನೇ ತಿರುಗಿಸಿ, ಎತ್ತರ ಬದಲಿಸಿ ನೆಟ್ಟೆ. ಹಳೆಯ ಲ್ಯಾಪ್‌ಟಾಪ್‌ನಲ್ಲೇ ದೃಶ್ಯ ತೆರೆಯಿತು! ನಿಧಾನ, ಆದರೆ ಮುಚ್ಚಿ ಹೋಗಲಿಲ್ಲ. ನಾಳೆಯ ಮೀಟಿಂಗಿಗೆ ಇದು ಸಾಕು.

ಆದರೂ ಡೆಸ್ಕ್‌ಟಾಪ್ ತಗೊಳ್ಳುತ್ತೇನೆ, ನೀವು ಹೇಳಿದ ಕಾರ್ಡು, 9700ಎಕ್ಸ್, 16ರ ಎರಡು ಸ್ಟಿಕ್. ಮಾನಿಟರ್ ಬಗ್ಗೆಯೂ ಹೇಳಿಬಿಡಿ. 4ಕೆ ಬೇಕಾ?

ಮೈಸೂರು ವಿಷುವಲೈಸರ್

ಬೇಡ. 27 ಇಂಚು, 2560×1440, ಐಪಿಎಸ್ ಪ್ಯಾನೆಲ್, ಎಸ್‌ಆರ್‌ಜಿಬಿ (ಪರದೆಗಳ ಮಾಮೂಲಿ ಬಣ್ಣದ ವ್ಯಾಪ್ತಿ) 99% ಅಂತ ಬರೆದಿರುವುದು ನೋಡಿ. 4ಕೆ ಪರದೆಯಲ್ಲಿ ಎನ್‌ಸ್ಕೇಪ್ ಕಿಟಕಿಗೆ 1440ಕ್ಕಿಂತ ಎರಡೂಕಾಲು ಪಟ್ಟು ಪಿಕ್ಸೆಲ್ ಬಿಡಿಸಬೇಕು, ಇದೇ ಕಾರ್ಡು ಏದುಸಿರು ಬಿಡುತ್ತದೆ. ಕೊನೆಯ ಚಿತ್ರವನ್ನು 4ಕೆಯಲ್ಲಿ ತೆಗೆಯಲು 4ಕೆ ಮಾನಿಟರ್ ಬೇಕಿಲ್ಲ.

ನಿಮ್ಮ ವಿಷಯದಲ್ಲಿ ಬಣ್ಣವೇ ಮುಖ್ಯ. ಕಡಿಮೆ ಬೆಲೆಯ ಲ್ಯಾಪ್‌ಟಾಪ್‌ಗಳ 45% ಎನ್‌ಟಿಎಸ್‌ಸಿ (ಬಣ್ಣದ ವ್ಯಾಪ್ತಿಯ ಇನ್ನೊಂದು ಅಳತೆ) ಪ್ಯಾನೆಲ್‌ನಲ್ಲಿ ಕೆಂಪು ಸರಿಯಾಗಿ ಮೂಡುವುದಿಲ್ಲ. ಜಂಬಿಟ್ಟಿಗೆ, ಹೆಂಚು ಎರಡೂ ಮಂಕಾಗಿ ಕಾಣುತ್ತವೆ, ಕೂತವರು ಸ್ಯಾಚುರೇಶನ್ ಏರಿಸುತ್ತಾ ಹೋಗುತ್ತಾರೆ. ನಿಮ್ಮದೂ ಅದೇ ಪ್ಯಾನೆಲ್ ಆಗಿದ್ದರೆ, ಹೊಸ ಮಾನಿಟರ್ ಬಂದ ದಿನ ಹಳೆಯ ಫೈಲುಗಳ ಹೆಂಚಿನ ಮೆಟೀರಿಯಲ್ ತೆರೆದು ನೋಡಿ. ಕಣ್ಣು ಕುಕ್ಕುವಷ್ಟು ಕೆಂಪಿದ್ದರೆ ಇಳಿಸಿ, ನಿಮ್ಮೂರಿನದೇ ಒಂದು ಹೆಂಚು ಮೇಜಿನ ಮೇಲೆ ಇಟ್ಟುಕೊಂಡು ಹಗಲು ಬೆಳಕಿನಲ್ಲಿ ಹೋಲಿಸಿ.