ಕೇಳಿ, ಮೇಡಂ ಹೇಳುತ್ತಾರೆ: ಸ್ಟೈಪೆಂಡ್ ಇರುವ ಇಂಟರ್ನ್‌ಶಿಪ್ (ಮಾರ್ಚ್ 2025)

ಅಡ್ಮಿನ್: ಲ್ಯಾಬ್ ನಡೆಸುವ ವಿಜ್ಞಾನಿ ಮೇಡಂ ರಾತ್ರಿ 8ಕ್ಕೆ ಬರುತ್ತಾರೆ. ಹಳ್ಳಿ ಕಾಲೇಜಿನವರು, ಮನೆಯಲ್ಲಿ ಮೊದಲ ಸಲ ಕಾಲೇಜಿಗೆ ಬಂದವರು ಮೊದಲು ಕೇಳಿ.

ಸಿಂಧನೂರು ಬಿಎಸ್ಸಿ: ನಮಸ್ತೆ ಮೇಡಂ. ಕೆಮಿಸ್ಟ್ರಿ, ಎರಡನೇ ವರ್ಷ. ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಎರಡು ತಿಂಗಳ ಸಮ್ಮರ್ ಫೆಲೋಶಿಪ್ ಸಿಕ್ಕಿದೆ. ಸ್ಟೈಪೆಂಡ್ ದುಡ್ಡು ನಾನು ಲ್ಯಾಬಿಗೆ ಸೇರಿದ ಮೇಲೆ ಬರುತ್ತದಂತೆ. ಹಾಸ್ಟೆಲ್ ಖಾತ್ರಿ ಇಲ್ಲ. ಪಿ.ಜಿ.ಯವರು ಅಡ್ವಾನ್ಸ್ ಕೇಳುತ್ತಾರೆ. ಅಪ್ಪ ಹಮಾಲಿ. ಸಾಲ ಮಾಡಿ ಹೋಗಬೇಡ ಅಂತಾರೆ. ಬಿಟ್ಟುಬಿಡಲಾ?

ಹಾಸನ ಬಿಇ ಅಪ್ಪ: ಪಿಎಂ ಇಂಟರ್ನ್‌ಶಿಪ್‌ಗೆ ಮಗ ಅರ್ಜಿ ಹಾಕಬಹುದಾ? 6ನೇ ಸೆಮ್.

ಮೇಡಂ: ಇಲ್ಲ. 2025ರ ಈ ಸುತ್ತಿನಲ್ಲಿ ತಿಂಗಳಿಗೆ 5,000 ಕೊಡುವ ಕೇಂದ್ರ ಸರ್ಕಾರದ ಆ ಯೋಜನೆ ಪೂರ್ಣಾವಧಿ ಓದುತ್ತಿರುವವರಿಗಲ್ಲ. ವಯಸ್ಸು 21ರಿಂದ 24.

ಕಲಬುರಗಿ ಡಿಪ್ಲೊಮಾ: ಡಿಪ್ಲೊಮಾದವರಿಗೆ ಏನಿದೆ ಮೇಡಂ?

ಮೇಡಂ: ಸಿಂಧನೂರು, ಬಿಡಬೇಡ. ಮೊದಲು ಗೈಡ್‌ಗೆ ಇಮೇಲ್ ಬರಿ, ಇವತ್ತೇ. ಎರಡೇ ಪ್ರಶ್ನೆ ಕೇಳು. ಉಳಿಯಲು ಜಾಗ ಇದೆಯಾ? ಮೊದಲ ಕಂತು ಯಾವ ತಾರೀಕಿಗೆ? ಸಂಕೋಚ ಬೇಡ. ನಮಗೆ ಸಂಬಳ ತಿಂಗಳಿಗೆ ಸರಿಯಾಗಿ ಬರುತ್ತದೆ, ಹಾಗಾಗಿ ಇದೆಲ್ಲ ನಮ್ಮ ತಲೆಗೇ ಹೊಳೆಯುವುದಿಲ್ಲ. ಒಂದು ವರ್ಷ ನನ್ನ ಲ್ಯಾಬಿಗೆ ಬಂದ ಹುಡುಗ ಮೂರು ವಾರ ಮಧ್ಯಾಹ್ನದ ಊಟ ಬಿಟ್ಟಿದ್ದ. ಹಸಿವಿಲ್ಲ ಅನ್ನುತ್ತಿದ್ದ, ನಾನು ನಂಬಿದ್ದೆ. ಆ ಲ್ಯಾಬಿನ ಪಿಎಚ್‌ಡಿ ಹುಡುಗಿಯರ ನಂಬರ್ ಕೇಳು. ಹಾಸ್ಟೆಲ್‌ನ ನಿಜವಾದ ಸುದ್ದಿ ಅವರ ಹತ್ತಿರ ಇರುತ್ತದೆ. ಬ್ಯಾಂಕಿಗೂ ಹೋಗಿ ಬಾ. ಸ್ಕಾಲರ್‌ಶಿಪ್‌ಗೆ ಅಂತ ತೆರೆದು ಬಿಟ್ಟ ಖಾತೆ ಎಷ್ಟೋ ಸಲ ನಿಂತುಹೋಗಿರುತ್ತದೆ. ಕೆವೈಸಿ ಮಾಡಿಸು. ಅಪ್ಪನ ಜೊತೆ ನಾನು ಮಾತಾಡುತ್ತೇನೆ.

ತುಮಕೂರು: *ಫಾರ್ವರ್ಡ್* ಎಲ್ಲ ಬಡ ವಿದ್ಯಾರ್ಥಿಗಳಿಗೆ ತಿಂಗಳಿಗೆ 25,000 ಇಂಟರ್ನ್‌ಶಿಪ್!! ನೋಂದಣಿ 499 ಮಾತ್ರ. ಇಂದೇ ಕೊನೆ!!

ಮೇಡಂ: ಸುಳ್ಳು. ದುಡ್ಡು ಕಟ್ಟಿಸಿಕೊಂಡು ಕೊಡುವ ಇಂಟರ್ನ್‌ಶಿಪ್ ಸರ್ಟಿಫಿಕೇಟ್ ಮಾರಾಟ ಅಷ್ಟೆ. ಕಳಿಸುವ ಮುಂಚೆ ಒಮ್ಮೆ ಓದಿ.

ತುಮಕೂರು: ಒಳ್ಳೆಯದಾಗಲಿ ಅಂತ ಹಾಕಿದೆ ಮೇಡಂ.

ಮೇಡಂ: 499 ಕಳೆದುಕೊಂಡವರಿಗೆ ಹೇಳಿ.

ಜಯನಗರ: ಬುದ್ಧಿ ಇದ್ದರೆ ಸ್ಟೈಪೆಂಡ್ ಯಾಕೆ? ನನ್ನ ಮಗಳು ಪುಕ್ಕಟೆಯೇ ಮಾಡಿದಳು.

ಸಿರುಗುಪ್ಪ ಮೇಷ್ಟ್ರು: ರಾತ್ರಿ ಎಲ್ಲಿ ಮಲಗುತ್ತಿದ್ದಳು ಸರ್?

ಜಯನಗರ: ನಮ್ಮ ಮನೆಯಲ್ಲೇ, ಇನ್ನೆಲ್ಲಿ?

ಸಿರುಗುಪ್ಪ ಮೇಷ್ಟ್ರು: ಊಟ, ಮೆಟ್ರೊ ಕಾರ್ಡು?

ಜಯನಗರ: ಇದೆಂಥ ಪ್ರಶ್ನೆ?

ಸಿರುಗುಪ್ಪ ಮೇಷ್ಟ್ರು: ಅದೇ ಸ್ಟೈಪೆಂಡ್ ಸರ್. ನೀವು ಕೊಟ್ಟಿರಿ, ಲೆಕ್ಕ ಇಡಲಿಲ್ಲ.

ಜಯನಗರ: ಎಲ್ಲದರಲ್ಲೂ ಮೀಸಲಾತಿ ರಾಜಕೀಯ ತರಬೇಡಿ.

ಸಿರುಗುಪ್ಪ ಮೇಷ್ಟ್ರು: ನಾನು ಅನ್ನದ ಮಾತಾಡಿದೆ. ಮೀಸಲಾತಿ ಅಂದವರು ನೀವು.

ಮಂಡ್ಯ: ಇನ್‌ಸ್ಪೈರ್ ಬಿಇಗೆ ಸಿಗುತ್ತಾ?

ಮೇಡಂ: ಇಲ್ಲ. ಮೂಲ ವಿಜ್ಞಾನ ಓದುವವರಿಗೆ ಕೇಂದ್ರ ಸರ್ಕಾರ ಕೊಡುವ ಸ್ಕಾಲರ್‌ಶಿಪ್ ಅದು. ವರ್ಷಕ್ಕೆ 80,000. ಅದರಲ್ಲಿ 20,000 ಬೇಸಿಗೆ ಪ್ರಾಜೆಕ್ಟ್‌ಗೆ.

ಗದಗ: ವಿಜ್ಞಾನ ಅಕಾಡೆಮಿಗಳ ಸಮ್ಮರ್ ಫೆಲೋಶಿಪ್‌ಗೆ ಈಗ ಹಾಕಬಹುದಾ?

ಮೇಡಂ: ಮುಗಿಯಿತು. ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ವೆಬ್‌ಸೈಟನ್ನು ಅಕ್ಟೋಬರ್‌ನಿಂದಲೇ ನೋಡುತ್ತಿರಬೇಕು. ಶಿಫಾರಸು ಪತ್ರಕ್ಕೆ ಮೇಷ್ಟ್ರನ್ನು ಈಗಲೇ ಹಿಡಿ.

ಮಂಡ್ಯ 2: ಇನ್‌ಸ್ಪೈರ್ ಬಿಇಗೆ ಇದೆಯಾ?

ಮೇಡಂ: ಮೇಲೆ ನೋಡಿ.

ಜಯನಗರ: ನಮ್ಮ ಮಕ್ಕಳಿಗೆ ಯಾರೂ ಇಲ್ಲ.

ಅಡ್ಮಿನ್: ಸರ್, ಸಾಕು. ಮೇಷ್ಟ್ರೇ, ನೀವೂ.

ಕಲಬುರಗಿ ಡಿಪ್ಲೊಮಾ: ಮೇಡಂ, ಡಿಪ್ಲೊಮಾ?

ಹಾಸನ ಬಿಇ ಅಪ್ಪ: ಪಿಎಂ ಇಂಟರ್ನ್‌ಶಿಪ್ ಫಾರಂ ಲಿಂಕ್ ಯಾರಾದರೂ ಹಾಕಿ.

ಮೇಡಂ: ಹಾಸನ, ನಿಮಗೆ ಇಲ್ಲ ಅಂತ ಹೇಳಿಯಾಗಿದೆ. ನಾನು ಹೊರಟೆ. ಸಿಂಧನೂರು, ಆಯ್ಕೆ ಪತ್ರದ ಫೋಟೋ ಕಳಿಸು. ಗ್ರೂಪಿಗಲ್ಲ, ನನಗೆ. ಅಪ್ಪ ಮನೆಗೆ ಬರುವುದು ಎಷ್ಟು ಹೊತ್ತಿಗೆ?

ಸಿಂಧನೂರು ಬಿಎಸ್ಸಿ: ಒಂಬತ್ತೂವರೆಗೆ ಮೇಡಂ. ಫೋನ್ ಅವರ ಹತ್ತಿರವೇ ಇರುತ್ತದೆ. ಇದು ಗೆಳತಿಯ ನಂಬರ್.