ಟಿವಿಹೆಡ್‌ಎಂಡ್: ರೆಕಾರ್ಡಿಂಗ್ ಚೌಕ ಚೌಕವಾಗಿ ಒಡೆಯುತ್ತಿದೆ, ಕರೆಂಟು ಹೋದ ದಿನ ಸಮಯವೂ ತಪ್ಪುತ್ತಿದೆ

ಅಡಿಕೆತೋಟ (ಶಿರಸಿ):

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿರುವುದು ರಾಸ್ಪ್‌ಬೆರಿ ಪೈ 3 ಎಂಬ ಪುಟ್ಟ ಕಂಪ್ಯೂಟರ್. ಅದರಲ್ಲಿ ರಾಸ್ಪ್‌ಬೆರಿ ಪೈ ಓಎಸ್, ರೆಕಾರ್ಡಿಂಗ್‌ಗೆ ಟಿವಿಹೆಡ್‌ಎಂಡ್, ನೋಡುವುದಕ್ಕೆ ಕೋಡಿ. ಡಿಶ್‌ನ ಸಿಗ್ನಲ್ ಹಿಡಿಯಲು ಯುಎಸ್‌ಬಿ ಡಿವಿಬಿ-ಎಸ್2 ಟ್ಯೂನರ್ ಒಂದಿದೆ, ಅದಕ್ಕೆ ಪ್ರತ್ಯೇಕ ಅಡಾಪ್ಟರ್. ಡಿಶ್ ಡಿಡಿ ಫ್ರೀ ಡಿಶ್‌ನದು, 93.5 ಡಿಗ್ರಿ ಪೂರ್ವದ ಜಿಸ್ಯಾಟ್-15ರ ಕಡೆಗೆ ಕೂರಿಸಿದ್ದೇವೆ. ರೆಕಾರ್ಡಿಂಗ್‌ಗಳು 1 ಟೆರಾಬೈಟ್‌ನ ಯುಎಸ್‌ಬಿ ಡಿಸ್ಕ್‌ಗೆ ಹೋಗುತ್ತವೆ. ಪೈ ಮತ್ತು ರೌಟರ್ ನಡುವೆ ಲ್ಯಾನ್ ತಂತಿ.

ತೊಂದರೆ ಎರಡು. ಅಪ್ಪನಿಗಾಗಿ ಚಂದನ ವಾಹಿನಿಯ ಸಂಜೆಯ ಕಾರ್ಯಕ್ರಮಗಳನ್ನು ರೆಕಾರ್ಡ್ ಮಾಡುತ್ತೇನೆ. ಕೆಲವು ದಿನ ಕನ್ನಡಿಯಂತೆ ಬರುತ್ತದೆ, ಕೆಲವು ದಿನ ಚಿತ್ರ ಚೌಕ ಚೌಕವಾಗಿ ಒಡೆದು ಧ್ವನಿ ತುಂಡು ತುಂಡಾಗುತ್ತದೆ. ಮಳೆ ಇದ್ದ ದಿನವೇ ಹೀಗಾಗುತ್ತದೆ ಎನ್ನುವಂತಿಲ್ಲ, ಬಿಸಿಲಿನ ದಿನವೂ ಆಗಿದೆ. ಅದೇ ಡಿಶ್‌ನ ಇನ್ನೊಂದು ತಂತಿಯಲ್ಲಿರುವ ಸೆಟ್ ಟಾಪ್ ಬಾಕ್ಸ್‌ನಲ್ಲಿ ಆ ಹೊತ್ತಿಗೆ ಎಲ್ಲವೂ ಸರಿಯಾಗಿಯೇ ಇರುತ್ತದೆ.

ಎರಡನೆಯದು, ಕರೆಂಟು ಹೋಗಿ ಬಂದ ದಿನ ರೆಕಾರ್ಡಿಂಗ್ ತಡವಾಗಿ ಶುರುವಾಗುತ್ತದೆ. ಒಮ್ಮೆಯಂತೂ ಎರಡು ಗಂಟೆ ತಡ. ಅಪ್ಪ ರಸಪ್ರಶ್ನೆ ನೋಡಲು ಕುಳಿತರೆ ಕೃಷಿ ಕಾರ್ಯಕ್ರಮ ಬಂತು. ನಮ್ಮ ಕಡೆ ಕರೆಂಟು ಬಂದರೂ ಇಂಟರ್ನೆಟ್ ಬರುವುದು ಎಷ್ಟೋ ಹೊತ್ತಿನ ಮೇಲೆ.

ಡಿಶ್‌ರಾಜ:

ಎಲ್‌ಎನ್‌ಬಿ (ಡಿಶ್‌ನ ತೋಳಿನ ತುದಿಯಲ್ಲಿ ಸಿಗ್ನಲ್ ಹಿಡಿಯುವ ಭಾಗ) ಹಳೆಯದಾಗಿರಬೇಕು, ಬದಲಾಯಿಸಿ. ಆಗದಿದ್ದರೆ 90 ಸೆಂಟಿಮೀಟರ್‌ನ ಡಿಶ್ ಹಾಕಿಸಿ. ಮಲೆನಾಡಿನಲ್ಲಿ 60 ಸಾಲದು.

ಸಿಗ್ನಲ್‌ಶೆಟ್ಟಿ (ಉಡುಪಿ):

ಯಾವುದನ್ನೂ ಕೊಳ್ಳಬೇಡಿ. ಮೊದಲು ಲೆಕ್ಕ ನೋಡಿ. ಸೆಟ್ ಟಾಪ್ ಬಾಕ್ಸ್ ಚೆನ್ನಾಗಿದೆ ಎಂದಮೇಲೆ ಡಿಶ್ ಮೇಲೆ ಅನುಮಾನ ಪಡುವುದಕ್ಕೆ ಇನ್ನೂ ಕಾರಣ ಸಿಕ್ಕಿಲ್ಲ. ಅದು ಬೇರೆ ತಂತಿ, ಬೇರೆ ಟ್ಯೂನರ್ ಆದ್ದರಿಂದ ಪೂರ್ತಿ ಬಿಡುಗಡೆಯೂ ಸಿಕ್ಕಿಲ್ಲ.

ರೆಕಾರ್ಡಿಂಗ್ ನಡೆಯುತ್ತಿರುವಾಗಲೇ ಟಿವಿಹೆಡ್‌ಎಂಡ್‌ನ ವೆಬ್ ಪುಟ ತೆರೆಯಿರಿ (ಪೋರ್ಟ್ 9981). ಅದರಲ್ಲಿ ಸ್ಟೇಟಸ್, ಅದರೊಳಗೆ ಸ್ಟ್ರೀಮ್. ಬಲಗಡೆಗೆ ಸರಿಸಿದರೆ ಮೂರು ಕಂಬಸಾಲು ಸಿಗುತ್ತವೆ: ಸರಿಪಡಿಸಲಾಗದ ಬ್ಲಾಕ್‌ಗಳು (ಟ್ಯೂನರ್ ತಾನೇ ಸರಿಪಡಿಸಲಾಗದೆ ಬಿಟ್ಟವುಗಳ ಎಣಿಕೆ), ಟ್ರಾನ್ಸ್‌ಪೋರ್ಟ್ ದೋಷಗಳು, ಕಂಟಿನ್ಯೂಯಿಟಿ ದೋಷಗಳು. ಚಿತ್ರ ಒಡೆದಿದೆ ಎನ್ನುವುದಕ್ಕಿಂತ ಈ ಮೂರರಲ್ಲಿ ಯಾವುದು ಏರುತ್ತಿದೆ ಎನ್ನುವುದು ಮುಖ್ಯ.

ಉಪಗ್ರಹದಿಂದ ಬರುವ ಧಾರೆ 188 ಬೈಟ್‌ಗಳ ಪುಟ್ಟ ಪ್ಯಾಕೆಟ್‌ಗಳಾಗಿ ಬರುತ್ತದೆ. ಸಿಗ್ನಲ್ ಕೆಟ್ಟು ಟ್ಯೂನರ್‌ಗೆ ಒಂದು ಪ್ಯಾಕೆಟ್ಟನ್ನು ಸರಿಪಡಿಸಲು ಆಗದಿದ್ದರೆ ಅದರ ಮೇಲೆ ‘ಇದು ಹಾಳಾಗಿದೆ’ ಎಂಬ ಗುರುತು ಹಾಕಿ ಮುಂದೆ ಕಳುಹಿಸುತ್ತದೆ. ಅದು ಟ್ರಾನ್ಸ್‌ಪೋರ್ಟ್ ದೋಷ. ಇನ್ನು ಪ್ರತಿ ಪ್ಯಾಕೆಟ್‌ಗೂ 0ಯಿಂದ 15ರವರೆಗೆ ಸುತ್ತುವ ಒಂದು ಕ್ರಮಸಂಖ್ಯೆ ಇರುತ್ತದೆ. 6 ಆದಮೇಲೆ 7 ಬರದೆ 9 ಬಂದರೆ ನಡುವಿನದು ಎಲ್ಲೋ ಕಳೆದುಹೋಗಿದೆ ಎಂದರ್ಥ. ಅದು ಕಂಟಿನ್ಯೂಯಿಟಿ ದೋಷ.

ಮೂರೂ ಏರಿದರೆ ಡಿಶ್, ತಂತಿ, ಕನೆಕ್ಟರ್, ಮಳೆ, ತೆಂಗಿನ ಗರಿ ನೋಡಿ. ಮೊದಲಿನ ಎರಡು ಸೊನ್ನೆಯಲ್ಲೇ ನಿಂತು ಕಂಟಿನ್ಯೂಯಿಟಿ ಮಾತ್ರ ಏರಿದರೆ ಸಿಗ್ನಲ್ ಟ್ಯೂನರ್‌ವರೆಗೆ ಸರಿಯಾಗಿ ಬಂದಿದೆ, ಟ್ಯೂನರ್ ದಾಟಿದ ಮೇಲೆ ಕಳೆದಿದೆ. ಆಗ ನೀವು 90 ಅಲ್ಲ, 3 ಮೀಟರ್‌ನ ಡಿಶ್ ಹಾಕಿದರೂ ಪ್ರಯೋಜನವಿಲ್ಲ. ಕೆಲವು ಟ್ಯೂನರ್‌ಗಳು ಹಾಳಾದ ಪ್ಯಾಕೆಟ್ಟನ್ನು ಗುರುತು ಹಾಕದೆ ಎಸೆದುಬಿಡುತ್ತವೆ. ಅದಕ್ಕಾಗಿಯೇ ಸರಿಪಡಿಸಲಾಗದ ಬ್ಲಾಕ್‌ಗಳನ್ನೂ ನೋಡಲು ಹೇಳಿದ್ದು.

ಈ ಡಿಶ್‌ಗಳು ಹಿಡಿಯುವ ಕೆಯು ಬ್ಯಾಂಡ್ ತರಂಗಗಳಿಗೆ ಜೋರುಮಳೆ ಆಗಿಬರುವುದಿಲ್ಲ. ಆಷಾಢದಲ್ಲಿ ನಮ್ಮ ಮನೆಯ ಡಿಶ್ ಬರಿಯ ಅಲಂಕಾರ. ಆದ್ದರಿಂದ ಬಿಸಿಲಿನ ದಿನವೇ ಪರೀಕ್ಷೆ ಮಾಡಿ.

ಕಾಫಿಕಣ (ಮಡಿಕೇರಿ):

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನಗೆ ಚಿತ್ರ ಒಡೆಯುವ ಭಾಗ್ಯವೂ ಇಲ್ಲ, ಒಂದೇ ಒಂದು ಚಾನೆಲ್ ಸಿಗುತ್ತಿಲ್ಲ. ಸ್ಕ್ಯಾನ್ ಎಲ್ಲ ವಿಫಲ. ಅದೇ ತಂತಿಯನ್ನು ಸೆಟ್ ಟಾಪ್ ಬಾಕ್ಸ್‌ಗೆ ಚುಚ್ಚಿದರೆ ಬರುತ್ತದೆ. ಕಂಪ್ಯೂಟರ್‌ನಲ್ಲಿ ಡೆಬಿಯನ್ ಲಿನಕ್ಸ್ ಇದೆ. ಅಂದಹಾಗೆ, ಪೈ ಮೇಲೆ ಕೂರಿಸುವ ಟಿವಿ ಹ್ಯಾಟ್ ತೆಗೆದುಕೊಂಡರೆ ಸುಲಭವೇ?

ಸಿಗ್ನಲ್‌ಶೆಟ್ಟಿ:

ಟಿವಿ ಹ್ಯಾಟ್ ಡಿವಿಬಿ-ಟಿ ಮತ್ತು ಟಿ2ಗೆ, ಅಂದರೆ ನೆಲದ ಮೇಲಿನ ಪ್ರಸಾರಕ್ಕೆ. ಡಿಶ್‌ಗೆ ಆಗದು, ಬಿಡಿ.

ಟಿವಿಹೆಡ್‌ಎಂಡ್‌ನಲ್ಲಿ ಅಡಾಪ್ಟರ್‌ನ ಕೆಳಗೆ ಎಲ್‌ಎನ್‌ಬಿ ವಿಧ ಏನು ಆರಿಸಿದ್ದೀರಿ? ‘ಯೂನಿವರ್ಸಲ್’ ಇರಬೇಕು, ಅಂದರೆ 9750 ಮತ್ತು 10600 ಮೆಗಾಹರ್ಟ್ಸ್. ಎಲ್‌ಎನ್‌ಬಿ ಮಾಡುವುದು ಕಳೆಯುವ ಲೆಕ್ಕ: ಉಪಗ್ರಹದ ಆವರ್ತನದಿಂದ ಈ ಅಂಕಿ ಕಳೆದು ಉಳಿದದ್ದನ್ನು ಟ್ಯೂನರ್‌ಗೆ ಕಳುಹಿಸುತ್ತದೆ. 11090 ಮೆಗಾಹರ್ಟ್ಸ್‌ನ ಟ್ರಾನ್ಸ್‌ಪಾಂಡರ್ (ಹಲವು ಚಾನೆಲ್‌ಗಳನ್ನು ಒಟ್ಟಿಗೆ ಹೊತ್ತು ತರುವ ಉಪಗ್ರಹದ ಒಂದು ಧಾರೆ) ತೆಗೆದುಕೊಳ್ಳಿ. 9750 ಕಳೆದರೆ 1340 ಉಳಿಯುತ್ತದೆ. ಟ್ಯೂನರ್‌ಗಳು ಕೇಳುವುದು 950ರಿಂದ 2150ರ ನಡುವೆ, ಆದ್ದರಿಂದ ಸರಿ. ಪಟ್ಟಿಯಲ್ಲಿ 10600 ಒಂದೇ ಇರುವ ವಿಧ ಆರಿಸಿದ್ದರೆ 490 ಉಳಿಯುತ್ತದೆ, ಆ ಅಂಕಿಯಲ್ಲಿ ಟ್ಯೂನರ್‌ಗೆ ಏನೂ ಕೇಳಿಸದು.

ಅರ್ಧ ಚಾನೆಲ್ ಬಂದು ಅರ್ಧ ಬಾರದಿದ್ದರೆ ಕಾರಣ ಬೇರೆ. ಕೆಲವು ಚಾನೆಲ್‌ಗಳ ತರಂಗ ಲಂಬವಾಗಿ, ಕೆಲವದು ಅಡ್ಡವಾಗಿ ಬರುತ್ತದೆ (ಧ್ರುವೀಕರಣ); ಲಂಬಕ್ಕೆ ಟ್ಯೂನರ್‌ನಿಂದ ಎಲ್‌ಎನ್‌ಬಿಗೆ 13 ವೋಲ್ಟ್, ಅಡ್ಡಕ್ಕೆ 18 ವೋಲ್ಟ್ ಹೋಗಬೇಕು. ಬಡಕಲು ಅಡಾಪ್ಟರ್ ಇದ್ದರೆ ಅಥವಾ ತಂತಿ ತೀರ ಉದ್ದವಿದ್ದರೆ 18 ತಲುಪುವುದಿಲ್ಲ.

ಎಲ್‌ಎನ್‌ಬಿ ಸರಿ ಇದ್ದೂ ಏನೂ ಬಾರದಿದ್ದರೆ ಕರ್ನಲ್ ಸಂದೇಶಗಳಲ್ಲಿ ‘ಫರ್ಮ್‌ವೇರ್’ ಎಂಬ ಪದ ಹುಡುಕಿ. ಕೆಲವು ಟ್ಯೂನರ್ ಚಿಪ್‌ಗಳ ಫರ್ಮ್‌ವೇರ್ ಕಡತ (ಚಿಪ್‌ನ ಒಳಗೆ ಓಡಬೇಕಾದ ತಂತ್ರಾಂಶ) ಡೆಬಿಯನ್ ಜೊತೆಗೆ ಬರುವುದಿಲ್ಲ. ಸಾಧನ ಪಟ್ಟಿಯಲ್ಲಿ ಕಾಣಿಸುತ್ತದೆ, ಟ್ಯೂನ್ ಮಾಡಲು ಹೋದಾಗ ಕಡತ ಸಿಗದೆ ಸೋಲುತ್ತದೆ. ಕೋಡಿಗೆಂದೇ ಮಾಡಿದ ಲಿಬ್ರೆಎಲೆಕ್ ಎಂಬ ಓಎಸ್‌ನಲ್ಲಿ ಅಂಥ ಬಹಳಷ್ಟು ಕಡತಗಳನ್ನು ಮೊದಲೇ ಸೇರಿಸಿರುತ್ತಾರೆ, ಅಲ್ಲಿ ಈ ಗೋಳು ಕಡಿಮೆ.

ಅಡಿಕೆತೋಟ:

ಶೆಟ್ಟರೇ, ಲೆಕ್ಕ ನೋಡಿದೆ. ಬಿಸಿಲಿದ್ದ ಸಂಜೆ, ಅರ್ಧ ಗಂಟೆಯ ರೆಕಾರ್ಡಿಂಗ್. ಸರಿಪಡಿಸಲಾಗದ ಬ್ಲಾಕ್ 0, ಟ್ರಾನ್ಸ್‌ಪೋರ್ಟ್ ದೋಷ 0, ಕಂಟಿನ್ಯೂಯಿಟಿ ದೋಷ 340. ಆದರೆ ಒಂದೇ ಸಮನೆ ಏರಲಿಲ್ಲ. ಸುಮಾರು ಹತ್ತು ನಿಮಿಷ ಸುಮ್ಮನಿದ್ದು ಆಮೇಲೆ ಓಡತೊಡಗಿತು. ಆಗಲೇ ಹೆಂಡತಿ ಶಾಲೆಯಿಂದ ಬಂದು ಲ್ಯಾಪ್‌ಟಾಪ್ ತೆರೆದಿದ್ದಳು. ವೈಫೈ ಸಿಕ್ಕೊಡನೆ ಅದು ದಿನದ ಫೋಟೊ, ವೀಡಿಯೊಗಳನ್ನು ಪೈಗೆ ಸಿಕ್ಕಿಸಿರುವ ಅದೇ ಡಿಸ್ಕ್‌ಗೆ ತಂತಾನೇ ಪ್ರತಿ ಮಾಡುತ್ತದೆ. ಇದಕ್ಕೂ ಅದಕ್ಕೂ ಸಂಬಂಧವಿದೆಯೇ? ಪರದೆಯ ಮೂಲೆಯಲ್ಲಿ ಕಡಿಮೆ ವೋಲ್ಟೇಜಿನ ಮಿಂಚಿನ ಗುರುತು ಬಂದಿಲ್ಲ. ಡಿಸ್ಕ್‌ಗೂ ಬೇರೆ ಅಡಾಪ್ಟರ್ ಇದೆ.

ಸಿಗ್ನಲ್‌ಶೆಟ್ಟಿ:

ಇದೆ, ಅದೇ ಕಾರಣ. ಪೈ 3ರಲ್ಲಿ ನಾಲ್ಕು ಯುಎಸ್‌ಬಿ ಕಿಂಡಿಗಳು ಮತ್ತು ಲ್ಯಾನ್ ಕಿಂಡಿ ಎಲ್ಲವೂ ಒಂದೇ ಯುಎಸ್‌ಬಿ 2.0 ದಾರಿಯಲ್ಲಿ ಪ್ರೊಸೆಸರ್ ತಲುಪುತ್ತವೆ. ಲ್ಯಾಪ್‌ಟಾಪ್‌ನ ಫೋಟೊ ಲ್ಯಾನ್‌ನಿಂದ ಒಳಗೆ ಬಂತು, ಡಿಸ್ಕ್‌ಗೆ ಹೊರಗೆ ಹೋಯಿತು. ಅಂದರೆ ಅದೇ ದಾರಿಯನ್ನು ಎರಡು ಸಲ ಬಳಸಿತು.

ಟ್ಯೂನರ್‌ನ ಪಾಲೂ ಚಿಕ್ಕದಲ್ಲ. ನೀವು ಉಳಿಸಿಕೊಳ್ಳುವುದು ಒಂದು ಚಾನೆಲ್, ಸೆಕೆಂಡಿಗೆ 4 ಮೆಗಾಬಿಟ್ ಎಂದಿಟ್ಟುಕೊಳ್ಳಿ, ಗಂಟೆಗೆ 1.8 ಗಿಗಾಬೈಟ್. ಆದರೆ ಹಲವು ಯುಎಸ್‌ಬಿ ಟ್ಯೂನರ್‌ಗಳು ಇಡೀ ಟ್ರಾನ್ಸ್‌ಪಾಂಡರನ್ನೇ ತಂದು ಸುರಿಯುತ್ತವೆ, ಬೇಕಾದ ಚಾನೆಲ್ ಆರಿಸುವುದು ಟಿವಿಹೆಡ್‌ಎಂಡ್. ಸಿಂಬಲ್ ದರ 29500, ಕ್ಯುಪಿಎಸ್‌ಕೆ, ಎಫ್‌ಇಸಿ ಮುಕ್ಕಾಲು ಎಂಬ ಪ್ರಸಾರದ ಅಂಕಿಗಳಿಂದ ಲೆಕ್ಕ ಹಾಕಿದರೆ ಅದು ಸೆಕೆಂಡಿಗೆ ಸುಮಾರು 40 ಮೆಗಾಬಿಟ್.

480 ಮೆಗಾಬಿಟ್‌ನ ದಾರಿಯಲ್ಲಿ 40 ಏನು ಮಹಾ ಎಂದು ಕೇಳುತ್ತೀರಿ. ಕೊರತೆ ಜಾಗದ್ದಲ್ಲ, ಸಮಯದ್ದು. ಫೋಟೊ ಕಾಯುತ್ತದೆ; ಪೈ ಬಿಡುವಿಲ್ಲ ಎಂದರೆ ಲ್ಯಾಪ್‌ಟಾಪ್ ಮತ್ತೆ ಕಳುಹಿಸುತ್ತದೆ. ಉಪಗ್ರಹ ಕಾಯುವುದಿಲ್ಲ. ಬಂದದ್ದನ್ನು ಆ ಕ್ಷಣ ಎತ್ತಿಕೊಳ್ಳದಿದ್ದರೆ ಬಫರ್ ತುಂಬುತ್ತದೆ, ಮುಂದಿನ ಪ್ಯಾಕೆಟ್ ಬಿದ್ದುಹೋಗುತ್ತದೆ, ಇನ್ನೊಮ್ಮೆ ಕೊಡು ಎಂದು ಕೇಳಲು ದಾರಿಯಿಲ್ಲ. ಆದ್ದರಿಂದ ನಿಮ್ಮ ಫೋಟೊಗಳೆಲ್ಲ ಸರಿಯಾಗಿವೆ, ರಸಪ್ರಶ್ನೆ ಮಾತ್ರ ಒಡೆದಿದೆ.

ಬ್ಯಾಕಪ್ಪನ್ನು ನಡುರಾತ್ರಿಗೆ ತಳ್ಳಿ ನೋಡಿ. ಡಿಸ್ಕ್ ಯಾವ ಫಾರ್ಮ್ಯಾಟ್‌ನಲ್ಲಿದೆ? ವಿಂಡೋಸ್‌ನ ಎನ್‌ಟಿಎಫ್‌ಎಸ್ ಆಗಿದ್ದು ಹಳೆಯ ಫ್ಯೂಸ್ ಡ್ರೈವರ್ ಮೂಲಕ ಬರೆಯುತ್ತಿದ್ದರೆ ಅದೊಂದೇ ಪೈ 3ರ ಉಸಿರು ಕಟ್ಟಿಸುತ್ತದೆ. ಲಿನಕ್ಸ್‌ನ ಇಎಕ್ಸ್‌ಟಿ4 ಮಾಡಿ. ಅದಕ್ಕೆ ಮೊದಲು ಫೋಟೊಗಳನ್ನು ಬೇರೆಡೆ ಇಡಿ, ಮನೆಯಲ್ಲಿ ಶಾಂತಿ ಇರಲಿ.

ಇನ್ನು ಗಡಿಯಾರ. ಪೈ 3 ಮತ್ತು 4ರಲ್ಲಿ ಬ್ಯಾಟರಿಯ ಗಡಿಯಾರ ಇಲ್ಲ. ರಾಸ್ಪ್‌ಬೆರಿ ಪೈ ಓಎಸ್‌ನಲ್ಲಿ ಅದರ ಬದಲಿಗೆ ‘ಫೇಕ್ ಎಚ್‌ಡಬ್ಲ್ಯೂ ಕ್ಲಾಕ್’ ಎಂಬುದೊಂದು ಗಂಟೆಗೊಮ್ಮೆ ಸಮಯವನ್ನು ಕಡತದಲ್ಲಿ ಬರೆದಿಡುತ್ತದೆ, ಮುಂದಿನ ಸಲ ಏಳುವಾಗ ಅದನ್ನೇ ಓದಿಕೊಳ್ಳುತ್ತದೆ. ನಾಲ್ಕು ಗಂಟೆಗೆ ಕರೆಂಟು ಹೋಗಿ ಆರಕ್ಕೆ ಬಂದರೆ ಪೈ ಪಾಲಿಗೆ ಇನ್ನೂ ನಾಲ್ಕು, ಅಥವಾ ಅದಕ್ಕಿಂತ ಹಿಂದೆ. ಇಂಟರ್ನೆಟ್ ಸಿಕ್ಕಾಗ ಸರಿಹೋಗುತ್ತದೆ. ನಿಮ್ಮಲ್ಲಿ ಅದು ಸಿಗುವುದು ತಡ, ಅಷ್ಟರಲ್ಲಿ ರಸಪ್ರಶ್ನೆಯ ಹೊತ್ತು ದಾಟಿರುತ್ತದೆ.

ಡಿಎಸ್3231 ಗಡಿಯಾರ ಮಾಡ್ಯೂಲ್ ಹಾಕಿ. ಐ2ಸಿ ಪಿನ್‌ಗಳ ಮೇಲೆ ಕೂರುತ್ತದೆ, ಕಾನ್ಫಿಗ್ ಕಡತದಲ್ಲಿ ಒಂದು ಸಾಲು ಸೇರಿಸಬೇಕು. ಜೊತೆಗೆ ಆ ಫೇಕ್ ಗಡಿಯಾರವನ್ನು ತೆಗೆದುಹಾಕಿ, ಇಲ್ಲದಿದ್ದರೆ ಎರಡೂ ಜಗಳವಾಡುತ್ತವೆ.

ಡಿಶ್‌ರಾಜ:

ಮಾಡ್ಯೂಲ್ ಏಕೆ? ಉಪಗ್ರಹದ ಧಾರೆಯಲ್ಲೇ ಸಮಯ ಬರುತ್ತದೆ. ಟಿವಿಹೆಡ್‌ಎಂಡ್‌ನ ಸಾಮಾನ್ಯ ಸೆಟ್ಟಿಂಗ್‌ಗಳಲ್ಲಿ ಅದರಿಂದ ಗಡಿಯಾರ ಸರಿಪಡಿಸುವ ಆಯ್ಕೆ ಇದೆ.

ಸಿಗ್ನಲ್‌ಶೆಟ್ಟಿ:

ಇದೆ, ಒಳ್ಳೆಯ ನೆನಪು. ಆದರೆ ಟ್ಯೂನರ್ ಯಾವುದಾದರೂ ಟ್ರಾನ್ಸ್‌ಪಾಂಡರ್ ಮೇಲೆ ಕುಳಿತಾಗ ಮಾತ್ರ ಆ ಸಮಯ ಸಿಗುತ್ತದೆ. ರೆಕಾರ್ಡಿಂಗ್ ಶುರುವಾದರೆ ತಾನೇ ಅದು ಕೂರುವುದು? ಪ್ರಸಾರದವರು ಹಾಕಿದ ಸಮಯ ತಪ್ಪಿದ್ದರೆ ಇಡೀ ಯಂತ್ರದ ಸಮಯವೂ ತಪ್ಪುತ್ತದೆ. ಅದರ ಮೇಲೆ ನಾನು ಭರವಸೆ ಇಡುವುದಿಲ್ಲ.

ಹಳೆಪೆಟ್ಟಿಗೆ (ಮೈಸೂರು):

ಪೈ ಬಿಡಿ. ಕಚೇರಿಗಳಿಂದ ಹೊರಬಿದ್ದ ಹಳೆಯ ಡೆಸ್ಕ್‌ಟಾಪ್ ಒಂದನ್ನು ತನ್ನಿ. ಹಲವು ಯುಎಸ್‌ಬಿ ಕಂಟ್ರೋಲರ್, ಒಳಗೇ ಸಾಟಾ ಡಿಸ್ಕ್, ಮದರ್‌ಬೋರ್ಡ್ ಮೇಲೆ ಗಡಿಯಾರದ ಬ್ಯಾಟರಿ. ನಿಮ್ಮ ಎರಡೂ ತೊಂದರೆ ಒಂದೇ ಪೆಟ್ಟಿಗೆ ತೀರುತ್ತವೆ. ಟಿವಿಹೆಡ್‌ಎಂಡ್ ಅಲ್ಲಿ ಓಡಲಿ. ಪೈ ಹಾಲ್‌ನಲ್ಲೇ ಇದ್ದು ಕೋಡಿ ಮಾತ್ರ ನಡೆಸಲಿ, 9982ನೇ ಪೋರ್ಟಿನ ಮೂಲಕ ಚಾನೆಲ್, ರೆಕಾರ್ಡಿಂಗ್ ಎಲ್ಲವೂ ಸಿಗುತ್ತವೆ. ನಾನು 2002ರಲ್ಲಿ ಶುರುವಾದ ಮಿಥ್‌ಟಿವಿ ಎಂಬ ರೆಕಾರ್ಡಿಂಗ್ ತಂತ್ರಾಂಶದ ಕಾಲದವನು. ರೆಕಾರ್ಡ್ ಮಾಡುವ ಯಂತ್ರ ಬೇರೆ, ನೋಡುವ ಯಂತ್ರ ಬೇರೆ ಎಂಬ ಏರ್ಪಾಟು ಅದರಲ್ಲೂ ಇತ್ತು.

ಅಡಿಕೆತೋಟ:

ಸರ್, ಡೆಸ್ಕ್‌ಟಾಪ್ ದಿನವಿಡೀ ಉರಿದರೆ ನಮ್ಮ ಚಿಕ್ಕ ಇನ್ವರ್ಟರ್ ತಾಳುವುದಿಲ್ಲ. ಮಳೆಗಾಲದಲ್ಲಿ ಅದರಿಂದ ದೀಪ, ರೌಟರ್ ನಡೆಸುವುದೇ ಕಷ್ಟ. ಸದ್ಯಕ್ಕೆ ಪೈ ಮೇಲೆಯೇ ಪ್ರಯತ್ನಿಸುತ್ತೇನೆ.

ಅಡಿಕೆತೋಟ:

ವರದಿ ಒಪ್ಪಿಸುತ್ತಿದ್ದೇನೆ. ಬ್ಯಾಕಪ್ ರಾತ್ರಿ ಒಂದಕ್ಕೆ ಹೋಯಿತು. ಅಂದಿನಿಂದ ಸಂಜೆಯ ರೆಕಾರ್ಡಿಂಗ್‌ಗಳಲ್ಲಿ ಕಂಟಿನ್ಯೂಯಿಟಿ ದೋಷ 0. ಡಿಸ್ಕ್ ಎನ್‌ಟಿಎಫ್‌ಎಸ್ ಆಗಿತ್ತು, ಇಎಕ್ಸ್‌ಟಿ4 ಮಾಡಿದೆ. ಆಮೇಲೆ ಬೇಕೆಂದೇ ರೆಕಾರ್ಡಿಂಗ್ ನಡುವೆ ಬ್ಯಾಕಪ್ ಹಚ್ಚಿ ನೋಡಿದೆ. ದೋಷ ಕಡಿಮೆಯಾಗಿದೆ, ಆದರೆ ನಿಂತಿಲ್ಲ. ಆದ್ದರಿಂದ ರಾತ್ರಿಯ ಬ್ಯಾಕಪ್ಪೇ ಖಾಯಂ.

ಗಡಿಯಾರ ಮಾಡ್ಯೂಲ್ ಬಂತು, ಕೂರಿಸಿದೆ. ಲ್ಯಾನ್ ತಂತಿ ಕಿತ್ತು, ಪೈ ಆರಿಸಿ, ಊಟ ಮುಗಿಸಿ ಬಂದು ಹಚ್ಚಿದೆ. ಇಂಟರ್ನೆಟ್ ಇಲ್ಲದೆಯೇ ಸರಿಯಾದ ಸಮಯ ತೋರಿಸಿತು. ಕಾರ್ಯಕ್ರಮಗಳು ಎರಡು ಮೂರು ನಿಮಿಷ ಹಿಂದೆ ಮುಂದೆ ಆಗುವುದರಿಂದ ಮೊದಲು 5, ಕೊನೆಗೆ 10 ನಿಮಿಷ ಹೆಚ್ಚಿಗೆ ರೆಕಾರ್ಡ್ ಆಗುವಂತೆ ಇಟ್ಟಿದ್ದೇನೆ.

ಇನ್ನೊಂದೇ ಪ್ರಶ್ನೆ. ಅಪ್ಪ ಇದನ್ನೆಲ್ಲ ತೋಟದ ಮನೆಯಲ್ಲಿ ಮೊಬೈಲ್‌ನಲ್ಲಿ ನೋಡಬೇಕು ಎನ್ನುತ್ತಾರೆ. ಮನೆಯ ವೈಫೈ ಅಲ್ಲಿಗೂ ಸಿಗುತ್ತದೆ. ಪೈನಲ್ಲೇ ಜೆಲ್ಲಿಫಿನ್ (ವೀಡಿಯೊಗಳನ್ನು ಬೇರೆ ಸಾಧನಗಳಿಗೆ ಹರಿಸುವ ತಂತ್ರಾಂಶ) ಹಾಕಬಹುದೇ?

ಕಾಫಿಕಣ:

ನನ್ನದು ಫರ್ಮ್‌ವೇರ್ ಕಡತವೇ ಆಗಿತ್ತು ಶೆಟ್ಟರೇ, ಹಾಕಿದ ಕೂಡಲೇ ಎಲ್ಲ ಚಾನೆಲ್ ಬಂದವು. ಧನ್ಯವಾದ.

ಸಿಗ್ನಲ್‌ಶೆಟ್ಟಿ:

@ಅಡಿಕೆತೋಟ, ಹಾಕಬೇಡಿ. ನಿಮ್ಮ ರೆಕಾರ್ಡಿಂಗ್‌ನ ಎಂಪೆಗ್-2 ಕಡತವನ್ನು ಮೊಬೈಲ್‌ಗೆ ಕೊಡಲು ಜೆಲ್ಲಿಫಿನ್ ಸಾಮಾನ್ಯವಾಗಿ ಅದನ್ನು ಆ ಹೊತ್ತಿನಲ್ಲೇ ಎಚ್.264ಗೆ ಮಾರ್ಪಡಿಸುತ್ತದೆ. ಪೈ 3ಗೆ ಅದು ಭಾರ, ರೆಕಾರ್ಡಿಂಗ್ ನಡೆಯುತ್ತಿದ್ದರೆ 340 ಮತ್ತೆ ಬರುತ್ತದೆ. ರೆಕಾರ್ಡಿಂಗ್ ಇರುವ ಫೋಲ್ಡರನ್ನು ಸಾಂಬಾ (ಮನೆಯ ನೆಟ್‌ವರ್ಕ್‌ನಲ್ಲಿ ಕಡತ ಹಂಚುವ ತಂತ್ರಾಂಶ) ಮೂಲಕ ಹಂಚಿಕೊಂಡು ಅಪ್ಪನ ಮೊಬೈಲ್‌ನಲ್ಲಿ ವಿಎಲ್‌ಸಿ ಹಾಕಿಕೊಡಿ. ಎಂಪೆಗ್-2 ಅನ್ನು ಅದು ತಾನೇ ಬಿಡಿಸಿಕೊಳ್ಳುತ್ತದೆ. ಸೆಕೆಂಡಿಗೆ 4 ಮೆಗಾಬಿಟ್ ಓದುವುದು ಪೈಗೆ ದೊಡ್ಡದೇನಲ್ಲ. ಹಂಚಿಕೊಳ್ಳುವಾಗ ಓದಲು ಮಾತ್ರ ಅನುಮತಿ ಕೊಡಿ, ಮೊಬೈಲ್‌ನಿಂದ ಯಾವುದೂ ಅಳಿಸಿಹೋಗದಿರಲಿ.