ಸಮ್ಮೇಳನದಲ್ಲಿ ರಿಬ್ಬನ್ ಹಾಕಿಕೊಂಡು ನಿಲ್ಲಲಾ, ಬೇಡವಾ?

ಊರಿಗಾಂ ಹುಡುಗಿ: ಎಲ್ಲರಿಗೂ ಸ್ತೋತ್ರ. ಮುಂದಿನ ತಿಂಗಳು ಕೋಲಾರದಲ್ಲಿ ನಮ್ಮ ಚರ್ಚ್ ಸಭೆಗಳ ಮೂರು ದಿನದ ಸಮ್ಮೇಳನ ಇದೆ. ಸ್ವಯಂಸೇವಕರು ಬೇಕು ಅಂತ ಭಾನುವಾರ ಆರಾಧನೆ ಮುಗಿದ ಮೇಲೆ ಹೇಳಿದರು. ಹೋದ ಸಲ ನಾನು ಹೆಸರು ಬರೆಯುವ ಮೇಜಿನಲ್ಲಿದ್ದೆ. ಒಬ್ಬ ಮಂಗಳಮುಖಿ ಅಕ್ಕ ಬಂದರು. ಕಂಕುಳಲ್ಲಿ ಬೈಬಲ್, ಕೈಯಲ್ಲಿ ಬಟ್ಟೆ ಚೀಲ. ಫಾರಂನಲ್ಲಿ ಇದ್ದದ್ದು ಎರಡೇ ಚೌಕ, ಗಂಡು, ಹೆಣ್ಣು. ಅದು ತುಂಬದೆ ರೂಮು ಕೊಡುವಂತಿಲ್ಲ. 'ಕೂತಿರಿ, ದೊಡ್ಡವರನ್ನ ಕೇಳಿ ಬರ್ತೀನಿ' ಅಂದೆ. ವಾಪಸ್ ಬಂದಾಗ ಕುರ್ಚಿ ಖಾಲಿ. ಬಂಗಾರಪೇಟೆ ಬಸ್ಸು ಹತ್ತಿದರು ಅಂತ ಗೇಟಿನವರು ಹೇಳಿದರು. ಈ ಸಲ ಅದೇ ಮೇಜಿನಲ್ಲಿ ಕಾಮನಬಿಲ್ಲಿನ ರಿಬ್ಬನ್ (ಮಂಗಳಮುಖಿಯರು, ಸಲಿಂಗಿಗಳ ಜೊತೆ ನಾವಿದ್ದೀವಿ ಅನ್ನೋ ಗುರುತು) ಹಾಕಿಕೊಂಡು ನಿಲ್ಲಬೇಕು ಅಂತಿದ್ದೀನಿ. ಏನಂತೀರಿ?

ಮಾಲೂರು ಮಾವ: ಬರೋರನ್ನ ಯಾರೂ ತಡೆಯಲ್ಲಮ್ಮ. ಆದರೆ ರಿಬ್ಬನ್ ಯಾಕೆ? ಸಮ್ಮೇಳನ ಇರೋದು ದೇವರ ವಾಕ್ಯ ಕೇಳೋಕೆ. ಬೈಬಲಿನಲ್ಲಿ ರೋಮಾಪುರದವರಿಗೆ ಬರೆದ ಪತ್ರ, ಒಂದನೇ ಅಧ್ಯಾಯ ಓದು, ಸಲಿಂಗ ಸಂಬಂಧ ತಪ್ಪು ಅಂತಿದೆ. ಇದೆಲ್ಲ ಅಮೆರಿಕದಿಂದ ಬಂದದ್ದು.

ರಾಬರ್ಟ್‌ಸನ್‌ಪೇಟೆ ಪುಟ್ಟ: ಕೋಲಾರದ ಮೆಥೋಡಿಸ್ಟ್ ಆಸ್ಪತ್ರೆ ಎಲ್ಲಿಂದ ಬಂತು ಮಾವ? ಅದನ್ನ ಬೇಡ ಅಂದ್ವಾ? ಅಮೆರಿಕದ್ದೇ ಹೇಳ್ತೀನಿ ಕೇಳಿ. ಅಲ್ಲಿನ ಯುನೈಟೆಡ್ ಮೆಥೋಡಿಸ್ಟ್ ಅನ್ನೋ ಚರ್ಚ್ ಪಂಗಡ 1972ರಲ್ಲಿ ಸಲಿಂಗ ಸಂಬಂಧ ಕ್ರೈಸ್ತ ಬೋಧನೆಗೆ ಹೊಂದಲ್ಲ ಅಂತ ಬರೆದಿಟ್ಟಿತು. 2019ರಲ್ಲಿ ಸೇಂಟ್ ಲೂಯಿಸ್ ಸಮ್ಮೇಳನದಲ್ಲಿ 438-384 ಮತದಿಂದ ಇನ್ನೂ ಬಿಗಿ ಮಾಡಿದರು. 2024ರಲ್ಲಿ ಶಾರ್ಲಟ್‌ನಲ್ಲಿ, ಸಲಿಂಗಿಗಳು ಪಾದ್ರಿ ಆಗಬಾರದು ಅನ್ನೋ ನಿಯಮವನ್ನೇ 692-51ರಲ್ಲಿ ತೆಗೆದುಹಾಕಿದರು.

ಮಾಲೂರು ಮಾವ: ನಡುವೆ ಏಳು ಸಾವಿರಕ್ಕೂ ಜಾಸ್ತಿ ಸಭೆಗಳು ಬಿಟ್ಟುಹೋದವಲ್ಲ, ಅದನ್ನೂ ಹೇಳಪ್ಪ. ಬೇಡ ಅನ್ನೋರೆಲ್ಲ ಎದ್ದು ಹೋದ ಮೇಲೆ 692 ಬರದೆ ಇನ್ನೇನು? ನಮ್ಮ ಮೆಥೋಡಿಸ್ಟರು 1981ರಲ್ಲೇ ಅವರಿಂದ ಬೇರೆಯಾದವರು. ಅಲ್ಲಿನ ಓಟು ಇಲ್ಲಿ ನಡೆಯಲ್ಲ.

ರಾಬರ್ಟ್‌ಸನ್‌ಪೇಟೆ ಪುಟ್ಟ: ಆಯ್ತು, ಆ ಮಾತು ಒಪ್ಪಿದೆ. ಓಟು ಬಿಡಿ. ಅಪೊಸ್ತಲರ ಕೃತ್ಯಗಳು 8 ಓದಿ. ನನಗೆ ದೀಕ್ಷಾಸ್ನಾನ ಆಗೋಕೆ ಅಡ್ಡಿ ಏನು ಅಂತ ಕಂಚುಕಿ, ಅಂದರೆ ನಪುಂಸಕನಾದ ಅರಮನೆ ಅಧಿಕಾರಿ, ಕೇಳಿದಾಗ ಸುವಾರ್ತೆ ಸಾರುತ್ತಿದ್ದ ಫಿಲಿಪ್ಪ ಫಾರಂ ತೆಗೆಯಲಿಲ್ಲ. ಸುಮ್ನೆ ರಥದಿಂದ ಇಳಿದು ನೀರಿಗೆ ಹೋದ.

ಮುಳಬಾಗಿಲು ಅಕ್ಕ: ನಾನು ಗಾಲಿಕುರ್ಚಿಯಲ್ಲಿ ಬರೋಳು. ಒಂದು ಸಮ್ಮೇಳನದಲ್ಲಿ, ದೇವರು ನನ್ನ ಬಾಳಲ್ಲಿ ಮಾಡಿದ್ದರ ಸಾಕ್ಷಿ ಹೇಳೋಕೆ ಕರೆದರು. ವೇದಿಕೆಗೆ ಇಳಿಜಾರು ಇಲ್ಲ. ನಾಲ್ಕು ಹುಡುಗರು ಕುರ್ಚಿ ಸಮೇತ ಎತ್ತಿದರು. ಸಭೆ ಪೂರ್ತಿ ಚಪ್ಪಾಳೆ. ನನಗೆ ನೆಲ ಬಿರಿದು ಒಳಗೆ ಹೋದರೆ ಸಾಕು ಅನ್ನಿಸಿತ್ತು. ಆ ಹುಡುಗರೆಲ್ಲರ ಎದೆ ಮೇಲೂ 'ಸೇವೆ' ಅಂತ ಬಿಲ್ಲೆ ಇತ್ತು, ಗೊತ್ತಾ? ಹಾಗಾಗಿ ರಿಬ್ಬನ್ ಆಮೇಲೆ. ಮೊದಲು ಫಾರಂ ಸರಿಮಾಡಿಸು ತಂಗಿ. ಸುಪ್ರೀಂ ಕೋರ್ಟು 2014ರಲ್ಲೇ ಮೂರನೇ ಲಿಂಗ ಒಪ್ಪಿದೆ, ನಮ್ಮ ಫಾರಂ ಇನ್ನೂ ಒಪ್ಪಿಲ್ಲ. ಚಿಲಕ ಇರೋ ಒಂದು ರೂಮು ಬೇರೆ ಇಡಿಸು. ಊಟದ ಸಾಲಿನಲ್ಲಿ ಅವರ ಹಿಂದೆ ನೀನೇ ನಿಂತುಕೋ. ಆ ಜಾಗ ಯಾವಾಗಲೂ ಖಾಲಿ ಇರುತ್ತೆ.

ಮಾಲೂರು ಮಾವ: ಫಾರಂ, ರೂಮು, ಊಟ, ಇದಕ್ಕೆ ನನ್ನ ತಕರಾರಿಲ್ಲ. ಬೇಕಾದರೆ ಕಮಿಟಿಯಲ್ಲಿ ನಾನೇ ಹೇಳ್ತೀನಿ. ರಿಬ್ಬನ್ ಮಾತ್ರ ಬೇಡ.

ಊರಿಗಾಂ ಹುಡುಗಿ: ರಿಬ್ಬನ್ ಬಗ್ಗೆ ಇನ್ನೂ ಯೋಚಿಸ್ತೀನಿ ಮಾವ, ಬಿಟ್ಟೆ ಅಂತ ಹೇಳಲ್ಲ. ಕಮಿಟಿ ಮಾತು ಮರೀಬೇಡಿ. ಬಂಗಾರಪೇಟೆ ಕಡೆಯವರು ಯಾರಾದರೂ ಇದ್ದರೆ ಆ ಅಕ್ಕನಿಗೆ ಸಮ್ಮೇಳನದ ಸುದ್ದಿ ಮುಟ್ಟಿಸ್ತೀರಾ? ಬಟ್ಟೆ ಚೀಲ ನೀಲಿ ಬಣ್ಣದ್ದು. ಬೇರೆ ಗುರುತು ಗೊತ್ತಿಲ್ಲ. ಹೆಸರು ಬರೆಯೋ ಮೇಜಿನಲ್ಲಿ ಕೂತು ಅವರ ಹೆಸರೇ ಕೇಳಲಿಲ್ಲ ನಾನು.